ಅಂಚಿನಲ್ಲಿ ಬರೆದ ಬೈಗುಳ

ನಮ್ಮ ಕೋರ್ಟಿನಲ್ಲಿ ಒಂದು ವಾಕ್ಯವಿತ್ತು. ಸಾಕ್ಷಿ ಕಟ್ಟೆಗೆ ಬಂದು ಯಾರು ಏನೇ ಹೇಳಲಿ, ಕಾಗದದ ಮೇಲೆ ಅದು ಹೀಗೇ ಇಳಿಯುತ್ತಿತ್ತು: ‘ಆರೋಪಿಯು ದುರುದ್ದೇಶದಿಂದ ನನ್ನನ್ನು ಏಕಾಂತ ಸ್ಥಳಕ್ಕೆ ಕರೆದೊಯ್ದು ನನ್ನ ಇಚ್ಛೆಗೆ ವಿರುದ್ಧವಾಗಿ ಅನುಚಿತವಾಗಿ ವರ್ತಿಸಿರುತ್ತಾನೆ.’ ಮೂವತ್ತರ ಹೆಂಗಸು ಹೇಳಿದರೂ ಅದೇ, ಏಳು ವರ್ಷದ ಮಗು ಹೇಳಿದರೂ ಅದೇ. ವಾಕ್ಯ ನನ್ನದಲ್ಲ, ಸಾಹೇಬರದು. ಟೈಪು ಮಾಡಿದ ಬೆರಳು ಮಾತ್ರ ನನ್ನದು. ನಾನು ಅಲ್ಲಿನ ಸ್ಟೆನೊ.

ಸಾಹೇಬರೆಂದರೆ ನಮ್ಮ ನ್ಯಾಯಾಧೀಶರು. ಎದುರಿಗೆ ಎಲ್ಲರಿಗೂ ಮಹಾಸ್ವಾಮಿ, ಬೆನ್ನ ಹಿಂದೆ ತೂಕಡಿಕೆ ಸಾಹೇಬರು. ಕೆಟ್ಟವರಲ್ಲ. ಲಂಚ ತಿನ್ನುತ್ತಿರಲಿಲ್ಲ, ಊಟ ಮಾತ್ರ ಸ್ವಲ್ಪ ಜಾಸ್ತಿ ತಿನ್ನುತ್ತಿದ್ದರು.

ಮಕ್ಕಳ ಸಾಕ್ಷ್ಯಕ್ಕೆಂದು ನಮ್ಮಲ್ಲಿ ಬೇರೆ ಕೋಣೆ ಇತ್ತು. ಮಕ್ಕಳು ಹೆದರಬಾರದೆಂದು ಗೋಡೆಗೆ ಬಾತುಕೋಳಿ ಬರೆಸಿದ್ದರು. ಬರೆದವನು ಬೋರ್ಡು ಬರೆಯುವವನು. ಆ ಬಾತುಕೋಳಿಯನ್ನು ನೋಡಿದರೆ ದೊಡ್ಡವರಿಗೂ ಹೆದರಿಕೆಯಾಗುತ್ತಿತ್ತು. ಕಂಪ್ಯೂಟರಿನ ಟಕಟಕ ಬೇಡವೆಂದು ಆ ಕೋಣೆಯಲ್ಲಿ ನಾನು ಪೆನ್ಸಿಲು ಹಿಡಿದು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆ, ಮಗು ಆಡಿದ್ದನ್ನು ಆಡಿದ ಹಾಗೆಯೇ. ಮಧ್ಯಾಹ್ನ ಊಟವಾದ ಮೇಲೆ ಸಾಹೇಬರು ಅದನ್ನು ‘ಸರಿ ಮಾಡಿ’ ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಕೊನೆಯಲ್ಲಿ ‘ಓದಿ ಹೇಳಲಾಯಿತು, ಸರಿ ಇದೆಯೆಂದು ಒಪ್ಪಿದರು’ ಎಂಬ ಇನ್ನೊಂದು ವಾಕ್ಯ. ಓದಿ ಹೇಳಿದವರು ಯಾರೂ ಇಲ್ಲ. ನಾವು ಬೆರಳು ತೋರಿಸಿದ ಕಡೆ ತಾಯಂದಿರು ಸಹಿ ಹಾಕಿ, ಬಸ್ಸಿಗೆ ಓಡುತ್ತಿದ್ದರು.

ನನಗೊಂದು ಚಟವಿತ್ತು. ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ನೋಟ್‌ಬುಕ್ಕಿನ ಅಂಚಿನಲ್ಲಿ ಶೀಘ್ರಲಿಪಿಯಲ್ಲೇ ಗೀಚುತ್ತಿದ್ದೆ. ಯಾರಿಗೂ ಓದಲು ಬರುವುದಿಲ್ಲವಲ್ಲ ಎಂಬ ಧೈರ್ಯ.

ಚೆಸ್ ಕೋಚ್‌ನ ಕೇಸು ನಮ್ಮಲ್ಲಿ ನಡೆದು ಏಳು ವರ್ಷವಾಗಿತ್ತು. ಮನೆಯಲ್ಲಿ ಮಕ್ಕಳಿಗೆ ಚೆಸ್ ಕಲಿಸುತ್ತಿದ್ದವನು. ಹನ್ನೆರಡು ವರ್ಷ ಶಿಕ್ಷೆಯಾಗಿ ಒಳಗೆ ಹೋದ, ಮೇಲ್ಮನವಿ ಹಾಕಿದ, ಎರಡು ವರ್ಷಕ್ಕೆ ಜಾಮೀನಿನ ಮೇಲೆ ಹೊರಗೆ ಬಂದ. ಮೇಲಿನ ಕೋರ್ಟು ಅಂದರೆ ನಮ್ಮ ಎದುರಿನ ನಾಲ್ಕು ಮಹಡಿ ಕಟ್ಟಡ. ಮೇಲಿನದು ಅನ್ನಲು ಅಲ್ಲಿ ಲಿಫ್ಟ್ ಇದೆ. ಅಲ್ಲಿ ಆ ಫೈಲು ಐದು ವರ್ಷ ಹಾಯಾಗಿ ಮಲಗಿತ್ತು.

ಫೈಲು ಎದ್ದ ದಿನ ಆ ಕೇಸಿನ ಹುಡುಗಿಯ ಅಮ್ಮ ನನ್ನನ್ನು ಹುಡುಕಿಕೊಂಡು ಬಂದರು. ಜೊತೆಗೆ ಹುಡುಗಿ. ಈಗ ಹದಿನಾಲ್ಕು, ಅಮ್ಮನಿಗಿಂತ ಉದ್ದ, ಕೈಯಲ್ಲಿ ಸಾಕ್ಷ್ಯದ ನಕಲು.

“ಮೇಡಂ, ಅವತ್ತು ಬರ್ಕೊಂಡಿದ್ದು ನೀವೇ ಅಲ್ವಾ?” ಎಂದರು ಅಮ್ಮ. “ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಇದನ್ನ ಓದಿದಾಗಿಂದ ತಲೆ ತಿಂತಿದಾಳೆ.”

“ಆಂಟಿ, ಇದು ನಾನು ಹೇಳಿದ್ದಲ್ಲ,” ಎಂದಳು ಹುಡುಗಿ.

“ಮತ್ತೇನು ಹೇಳಿದ್ದೆ?”

“ನೆನಪಿಲ್ಲ. ಆದ್ರೆ ಇದಂತೂ ಅಲ್ಲ. ಏಳು ವರ್ಷ ಇದ್ದಾಗ ನಂಗೆ ಅನುಚಿತ ಅಂದ್ರೇನು ಅಂತ ಗೊತ್ತಿತ್ತಾ? ನಂಗೆ ಉಚಿತ ಅಂದ್ರೇನೇ ಗೊತ್ತಿರ್ಲಿಲ್ಲ.”

“ಬಾಯಿ ಮುಚ್ಚೇ,” ಎಂದರು ಅಮ್ಮ. “ಅವನ ವಕೀಲನೂ ಇದನ್ನೇ ಹೇಳ್ತಿರೋದು. ನೀನೇ ಅವನ ಕಡೆ ಸಾಕ್ಷಿ ಹೇಳೋ ಹಾಗಿದೀಯ.”

ವಿಷಯ ಅದೇ. ಕೋಚ್‌ನ ವಕೀಲರು ನಮ್ಮ ಕೋರ್ಟಿನ ಹಳೆಯ ತೀರ್ಪುಗಳನ್ನೆಲ್ಲ ಜಾಲಾಡಿ, ಬೇರೆ ನಾಲ್ಕು ಕೇಸುಗಳಲ್ಲೂ ಅಕ್ಷರ ಬದಲಾಗದೆ ಅದೇ ವಾಕ್ಯವಿರುವುದನ್ನು ಪತ್ತೆ ಹಚ್ಚಿದ್ದರು. ಮಗುವಿಗೆ ಗಿಳಿಪಾಠ ಹೇಳಿಕೊಟ್ಟಿದ್ದಾರೆ, ಇಲ್ಲವೇ ದಾಖಲೆಯನ್ನೇ ಹುಟ್ಟಿಸಿದ್ದಾರೆ. ನನ್ನ ಕಕ್ಷಿದಾರರನ್ನು ಬಿಡಿ, ಆಗದಿದ್ದರೆ ವಿಚಾರಣೆ ಮೊದಲಿನಿಂದ ನಡೆಸಿ ಎಂದು ವಾದ. ವಾದದಲ್ಲಿ ಹುರುಳಿತ್ತು. ಅದೇ ಕಷ್ಟ.

“ಮತ್ತೆ ನಡೆಸಿದ್ರೆ ನಾನು ಬರ್ಬೇಕಾ?”

“ಬರ್ಬೇಕಾಗತ್ತೆ.”

“ಆ ಕೋಣೆಗೇನಾ? ಆ ಬಾತುಕೋಳಿ ಇನ್ನೂ ಇದೆಯಾ?”

“ಇದೆ.”

“ಹಾಗಾದ್ರೆ ನಾ ಬರಲ್ಲ. ಅವನನ್ನ ಬಿಟ್ರೆ ಬಿಡ್ಲಿ.” ನಕಲನ್ನು ನಾಲ್ಕಾಗಿ ಮಡಚಿ ಅಮ್ಮನ ಚೀಲಕ್ಕೆ ತುರುಕಿದಳು. ಅಮ್ಮ ನನ್ನ ಮುಖ ನೋಡಿದರು. ನಾನು ಸ್ಟೇಪ್ಲರ್ ನೋಡಿದೆ.

ಸರ್ಕಾರಿ ವಕೀಲರಿಗೆ ಅಂದೇ ಫೋನು ಮಾಡಿ, ಮಗು ಆಡಿದ ಮಾತು ನನ್ನ ಶೀಘ್ರಲಿಪಿ ನೋಟ್‌ಬುಕ್ಕಿನಲ್ಲಿತ್ತು ಎಂದೆ. “ಆ ನೋಟ್‌ಬುಕ್ ಎಲ್ಲಿರತ್ತೆ? ಮೂರು ವರ್ಷಕ್ಕೆ ಸುಡ್ಬೇಕು ಅಂತ ನಿಯಮ ಇದೆಯಲ್ಲಾ!” ಎಂದರು.

“ನಿಯಮ ಇದೆ ಸರ್. ಸುಡೋರು ಇಲ್ಲ.”

ಹಳೆಯ ನೋಟ್‌ಬುಕ್ಕುಗಳನ್ನು ನಾನು ಮನೆಗೆ ಹೊತ್ತು ತರುತ್ತಿದ್ದೆ. ಅತ್ತೆ ಅವುಗಳ ಹಾಳೆ ಬಿಡಿಸಿ ಅಡುಗೆಮನೆಯ ಶೆಲ್ಫಿಗೆ ಹಾಸುತ್ತಿದ್ದರು. ಭಾನುವಾರ ಬೆಳಿಗ್ಗೆ ಒಂದೊಂದೇ ಡಬ್ಬ ಇಳಿಸಿ ಹುಡುಕಿದೆ.

“ಏನೇ ಅದು, ಹೆಗ್ಗಣ ಹೊಕ್ಕಿದೆಯಾ?” ಎಂದರು ಅತ್ತೆ.

“ಕೋರ್ಟಿಗೆ ಒಂದು ಕಾಗದ ಬೇಕು ಅತ್ತೆ.”

“ನನ್ನ ಡಬ್ಬದಡಿ ಕಾಗದ ಕೇಳೋ ಕೋರ್ಟು! ನಿಮಗೆಲ್ಲ ಸಂಬಳ ಬೇರೆ ಕೊಡ್ತಾರೆ.”

ಆ ನೋಟ್‌ಬುಕ್ಕು ಸಿಕ್ಕಿತು. ಪುಣ್ಯಕ್ಕೆ ಹಾಳೆ ಬಿಡಿಸಿರಲಿಲ್ಲ. ಕುಂಟುವ ಎಣ್ಣೆ ಡಬ್ಬಕ್ಕೆ ಒತ್ತಾಗಿ ಇಡಿಯಾಗಿ ಕೂತಿತ್ತು. ತೆರೆದು ನೋಡಿದರೆ ಎಣ್ಣೆಯ ಉಂಗುರ ಹತ್ತು ಹಾಳೆ ದಾಟಿತ್ತು, ಅಕ್ಷರ ಮಾತ್ರ ಗಟ್ಟಿಯಾಗಿತ್ತು. ಮಗುವಿನ ಮಾತು ಅಷ್ಟೂ ಇತ್ತು. ಅಂಚಿನಲ್ಲಿ ನನ್ನದೂ ಅಷ್ಟೂ ಇತ್ತು.

“ಈ ಎರೆಹುಳ ಬರಹದಲ್ಲಿ ನನ್ನ ವಿಷಯ ಏನಾದ್ರೂ ಇದೆಯೇನೇ?” ಅತ್ತೆ ಹೆಗಲ ಮೇಲಿಂದ ಬಗ್ಗಿದರು.

“ಇಲ್ಲ ಅತ್ತೆ.”

ಎರಡು ಕಡೆ ಇತ್ತು. ಅದು ಇರಲಿ. ಸಾಹೇಬರ ವಿಷಯ ಮೂರು ಕಡೆ ಇತ್ತು, ಮತ್ತು ಸಾಹೇಬರು ಈಗ ಎದುರಿನ ಕಟ್ಟಡದಲ್ಲಿ ರಿಜಿಸ್ಟ್ರಾರ್. ಸ್ಟೆನೊಗಳ ಬಡ್ತಿ ಪಟ್ಟಿ ಅವರ ಮೇಜಿನ ಮೇಲಿದೆ, ಅದರಲ್ಲಿ ನನ್ನ ಹೆಸರು ಆರನೆಯದು. ಪೆನ್ಸಿಲಿನ ಬರಹ ತಾನೇ ಎಂದು ರಬ್ಬರು ತಂದೆ. ಒಂದು ಪದ ಉಜ್ಜಿದೆ. ಎಣ್ಣೆ ಕುಡಿದ ಕಾಗದ. ಪದ ಅಳಿಯುವ ಬದಲು ಕಪ್ಪಗೆ ಹರಡಿ, ದೂರದಿಂದಲೇ ‘ಇಲ್ಲಿ ಏನೋ ಮುಚ್ಚಿದ್ದಾರೆ’ ಎಂದು ಕೂಗುವ ಹಾಗಾಯಿತು.

ಅತ್ತೆ ನೋಡುತ್ತಲೇ ಇದ್ದರು. “ಕಲೆ ತೆಗೆಯೋಕೆ ಹೋಗಿ ಸೀರೆ ಹಾಳು ಮಾಡ್ಬೇಡ,” ಎಂದರು. ಕಾಗದವೋ ಸೀರೆಯೋ ಅವರಿಗೆ ಎಲ್ಲ ಒಂದೇ. ರಬ್ಬರು ಕೆಳಗಿಟ್ಟೆ.

ಸರ್ಕಾರಿ ವಕೀಲರು ನೋಟ್‌ಬುಕ್ಕನ್ನು ಮೇಲಿನ ಕೋರ್ಟಿನ ಮುಂದಿಟ್ಟರು. ಪೀಠದಲ್ಲಿ ಇಬ್ಬರು ನ್ಯಾಯಮೂರ್ತಿಗಳು: ಕನ್ನಡಕ ಹಣೆಗೇರಿಸಿದ ಹಿರಿಯರು, ಪಕ್ಕದಲ್ಲಿ ಕಿರಿಯರಾದ ಒಬ್ಬ ಹೆಂಗಸು. ಕೋಚ್ ಹಿಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿ ಮದುವೆಗೆ ಬಂದವನ ಹಾಗೆ ಕೂತಿದ್ದ. ಅವನ ವಕೀಲರು ಏಳು ವರ್ಷದ ಹಿಂದಿನವರೇ. ನೋಟ್‌ಬುಕ್ಕನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ ನೋಡಿದರು.

“ಇದು ದಾಖಲೆಯೋ ಪಕೋಡ ಕಟ್ಟಿದ ಕಾಗದವೋ? ಇದನ್ನು ಓದುವುದಾದರೆ ಒಂದು ಗೆರೆ ಬಿಡದೆ ಓದಬೇಕು ಮಹಾಸ್ವಾಮಿ. ತಮಗೆ ಬೇಕಾದ್ದನ್ನು ಓದಿ ಬೇಡವಾದ್ದನ್ನು ನುಂಗಬಾರದು. ಪಕ್ಕದಲ್ಲಿ ತಜ್ಞರು ಕೂರಬೇಕು.”

ತಜ್ಞರೆಂದು ಬಂದವರು ಶೀಘ್ರಲಿಪಿ ಕಲಿಸುವ ಮುದಿ ಮೇಷ್ಟ್ರು. ಎರಡೂ ಕಟ್ಟಡದ ಸ್ಟೆನೊಗಳೆಲ್ಲ ಅವರ ಕೈಯಲ್ಲಿ ಗೆಣ್ಣಿಗೆ ಏಟು ತಿಂದವರೇ. ಭೂತಗನ್ನಡಿ ಹಿಡಿದು ನನ್ನ ಪಕ್ಕ ಕೂತು, “ನಿನ್ನ ಗೆರೆ ಇನ್ನೂ ಸೊಟ್ಟ ಕಣಮ್ಮ,” ಎಂದು ಪಿಸುಗುಟ್ಟಿದರು.

ಓದಿದೆ.

‘ಚಿಲಕ ಮೇಲಿತ್ತು. ನಂಗೆ ಸಿಗಲ್ಲ. ಸ್ಟೂಲ್ ಇತ್ತು, ಅದ್ರ ಮೇಲೆ ಕೋಚ್ ಅಂಕಲ್ ಕನ್ನಡಕ ಇತ್ತು. ಬಿದ್ದು ಒಡೆದ್ರೆ ಬೈತಾರೆ ಅಂತ ಸ್ಟೂಲ್ ಎಳೀಲಿಲ್ಲ.’

ಅದರ ಮುಂದಿನದನ್ನೂ ಓದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆದದ್ದು ಸಾಕು. ಆಮೇಲೆ ಇದಿತ್ತು:

‘ನಾನು ಬೋರ್ಡಿನ ಮನೆ ಎಣಿಸ್ದೆ. ಅರವತ್ನಾಲ್ಕು. ಇನ್ನೊಂದ್ಸಲ ಎಣಿಸ್ದೆ. ಅರವತ್ಮೂರು ಬಂತು. ಒಂದು ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೆ. ಆಗ ಅಮ್ಮ ಬೆಲ್ ಮಾಡಿದ್ರು.’

ಇಸ್ತ್ರಿ ಅಂಗಿ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿತು. ಮೇಷ್ಟ್ರು ಭೂತಗನ್ನಡಿ ಎತ್ತದೆ, “ಹಾಗೇ ಇದೆ ಸ್ವಾಮಿ,” ಎಂದರು.

ವಕೀಲರು ಎದ್ದರು. “ಅಂಚಿನಲ್ಲೂ ಏನೋ ಇದೆ. ಅದನ್ನೇಕೆ ಬಿಟ್ಟರು?”

ಹಿರಿಯರು ನನ್ನ ಕಡೆ ನೋಡಿದರು. “ಓದಮ್ಮ.”

“‘ನಲ್ಲಿ ವಕೀಲರು. ಅಮ್ಮ ಹೇಳ್ಕೊಟ್ರಾ ಅಂತ ಕೇಳಿದ್ದು ಒಂಬತ್ತನೇ ಸಲ. ವಾಷರ್ ಹೋಗಿದೆ, ನಿಲ್ಲಲ್ಲ.’”

“ನಲ್ಲಿ ವಕೀಲರು ಅಂದರೆ?”

“ಇವರೇ ಸರ್.”

ಬೆಂಚುಗಳಲ್ಲಿ ಕೂತಿದ್ದ ಕಿರಿಯ ವಕೀಲರು ಫೈಲು ಅಡ್ಡ ಹಿಡಿದುಕೊಂಡರು. ನಲ್ಲಿ ವಕೀಲರು ಕೆಂಪಾಗಿ, “ಅದರ ಕೆಳಗೆ ಉಜ್ಜಿ ಅಳಿಸಿರುವುದು ಏನು? ಅದು ಬೇಕು ನನಗೆ!” ಎಂದರು.

ಬಡ್ತಿ ಪಟ್ಟಿಯ ಆರನೇ ಹೆಸರು ಕಣ್ಣ ಮುಂದೆ ಬಂತು. ಮೇಷ್ಟ್ರು ಭೂತಗನ್ನಡಿಯನ್ನು ಆ ಕಪ್ಪು ಕಲೆಯ ಮೇಲೆ ತಂದು ನಿಲ್ಲಿಸಿದರು. ಅವರಿಗೆ ಕಂಡಿತ್ತು. ಹೇಳುವುದನ್ನು ನನಗೇ ಬಿಟ್ಟಿದ್ದರು.

“ಗೊರಕೆ,” ಎಂದೆ. “‘ಹನ್ನೊಂದು ನಲವತ್ತು. ಸಾಹೇಬರ ತೂಕಡಿಕೆ, ಜೊತೆಗೆ ಗೊರಕೆ. ಅಜ್ಜ ಮಲ್ಕೊಂಡ್ರಾ ಅಂತ ಮಗುವೇ ಕೇಳ್ತು.’ ಅಷ್ಟೇ ಸರ್. ಅಳಿಸೋಕೆ ಹೋಗಿದ್ದು ನಾನೇ, ಕಳೆದ ಭಾನುವಾರ. ಹೆದರಿ.”

ನಲ್ಲಿ ವಕೀಲರಿಗೆ ಲಾಟರಿ ಹೊಡೆದಂತಾಯಿತು. “ಕೇಳಿದಿರಾ! ನ್ಯಾಯಾಧೀಶರೇ ನಿದ್ದೆ ಮಾಡಿದ ವಿಚಾರಣೆ! ಈ ಒಂದು ಸಾಲು ಸಾಕು, ಶಿಕ್ಷೆ ನಿಲ್ಲುವುದಿಲ್ಲ. ಈ ನೋಟ್‌ಬುಕ್ಕೇ ಸಾಕ್ಷಿ!”

ಹಿರಿಯರು ಹಣೆಯ ಕನ್ನಡಕವನ್ನು ಮೂಗಿಗಿಳಿಸಿದರು. “ಅಂದರೆ ನೋಟ್‌ಬುಕ್ಕು ನಿಜ ಅಂತೀರಿ.”

ನಲ್ಲಿ ವಕೀಲರ ಬಾಯಿ ತೆರೆಯಿತು. ಏಳು ವರ್ಷದಲ್ಲಿ ಮೊದಲ ಸಲ ನಲ್ಲಿ ನಿಂತಿತು.

“ಅಂಚು ಮಾತ್ರ ನಿಜ, ನಡುವಿನದು ಸುಳ್ಳು ಅನ್ನೋ ಹಾಗಿಲ್ಲ,” ಎಂದರು ಕಿರಿಯರು. “ಇನ್ನು ನಿದ್ದೆ ಬಂದದ್ದು ಒಂಬತ್ತನೇ ಸಲಕ್ಕೆ. ಮೊದಲ ಎಂಟು ಸಲ ಮಗು ಏನು ಉತ್ತರ ಕೊಟ್ಟಿದೆ?”

“ಎಂಟು ಸಲ ಇಲ್ಲ ಅಂದಿದೆ ಮೇಡಂ.”

“ಒಂಬತ್ತಕ್ಕೆ?”

“‘ನಿಮ್ಗೆ ಕಿವಿ ಕೇಳ್ಸಲ್ವಾ?’”

ಮೂರು ವಾರಕ್ಕೆ ತೀರ್ಪು ಬಂತು. ಟೈಪಾದ ಸಾಕ್ಷ್ಯ ಮಗುವಿನ ಮಾತಲ್ಲ, ನೋಟ್‌ಬುಕ್ಕಿನದು ಮಗುವಿನ ಮಾತು, ತನ್ನ ಮೇಲಧಿಕಾರಿಯನ್ನೇ ಬೈದ ದಾಖಲೆಯನ್ನು ಯಾರೂ ಹುಟ್ಟಿಸಿ ತರುವುದಿಲ್ಲ, ಹೇಳಿಕೊಟ್ಟ ಮಗು ಅರವತ್ತಮೂರು ಎನ್ನುವುದಿಲ್ಲ, ಮೇಲ್ಮನವಿ ವಜಾ. ಕೋಚ್ ಉಳಿದ ಹತ್ತು ವರ್ಷ ಕಳೆಯಲು ಒಳಗೆ ಹೋದ.

ಹುಡುಗಿ ಆ ಹಾಳೆಯ ಜೆರಾಕ್ಸ್ ಕೇಳಿಕೊಂಡು ಬಂದಳು. ನಾನು ಕೆಳಗೆ ಅಚ್ಚ ಅಕ್ಷರದಲ್ಲಿ ಬರೆದುಕೊಟ್ಟೆ. ನಿಂತಲ್ಲೇ ಓದಿದಳು.

“ಹ್ಞೂಂ. ಇದು ನಾನೇ,” ಎಂದಳು. ಎಣ್ಣೆಯ ಕಲೆಯ ಮೇಲೆ ಬೆರಳಿಟ್ಟು, “ಎಣಿಸೋಕೂ ಬರ್ತಿರ್ಲಿಲ್ಲ, ದಡ್ಡಿ. ಈ ಉಂಗುರ ಏನು ಆಂಟಿ?”

“ನಮ್ಮತ್ತೆ ಎಣ್ಣೆ ಡಬ್ಬ.”

ಅವಳು ನಕ್ಕಳು. ನಾನು ಅವಳ ನಗು ನೋಡಿದ್ದು ಅದೇ ಮೊದಲು. ಹಲ್ಲು ಸೊಟ್ಟಗಿತ್ತು.

ಮಾರನೇ ದಿನ ರಿಜಿಸ್ಟ್ರಾರರ ಮೆಮೊ ಬಂತು. ಸರ್ಕಾರಿ ನೋಟ್‌ಬುಕ್ಕನ್ನು ಮನೆಗೊಯ್ದದ್ದು, ಅದರಲ್ಲಿ ಖಾಸಗಿ ಬರವಣಿಗೆ ಮಾಡಿದ್ದು, ಮೇಲಧಿಕಾರಿಯ ಘನತೆಗೆ ಕುಂದು ತಂದದ್ದು. ಏಳು ದಿನದೊಳಗೆ ಲಿಖಿತ ಸಮಜಾಯಿಷಿ. ಬಡ್ತಿ ಪಟ್ಟಿಯಲ್ಲಿ ಆರನೆಯದರ ಜಾಗದಲ್ಲಿ ಏಳನೆಯದು ಏರಿ ಕೂತಿತ್ತು.

ಉತ್ತರ ಟೈಪು ಮಾಡಲು ಕೂತೆ. ಬೆರಳು ತಾವಾಗಿಯೇ ಓಡಿದವು: ‘ಸದರಿ ವಿಷಯದಲ್ಲಿ ನಾನು ಯಾವುದೇ ದುರುದ್ದೇಶದಿಂದ...’ ಅಲ್ಲಿಗೆ ನಿಲ್ಲಿಸಿ ಅಷ್ಟನ್ನೂ ಅಳಿಸಿದೆ. ಕಂಪ್ಯೂಟರಿನಲ್ಲಿ ಕಲೆ ಉಳಿಯುವುದಿಲ್ಲ.

ಆಮೇಲೆ ಬರೆದೆ: ‘ನೋಟ್‌ಬುಕ್ ಮನೆಗೆ ಒಯ್ದಿದ್ದೆ, ತಪ್ಪು. ಅಂದು ಹನ್ನೊಂದು ನಲವತ್ತಕ್ಕೆ ತಮಗೆ ನಿದ್ದೆ ಬಂದಿತ್ತು. ನಾನು ಎಚ್ಚರವಿದ್ದೆ, ಬರೆದುಕೊಂಡೆ. ಅದು ನನ್ನ ಕೆಲಸ.’

ಓದಿ ನೋಡಿದೆ. ಸರಿ ಇತ್ತು. ಸಹಿ ಹಾಕಿದೆ.