ಇಪ್ಪತ್ತನೆಯ ಚೀಟಿ

ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಿಂದ ಅವಳು ಒಂದೊಂದೇ ಕೊಡೆ ತೆಗೆಯುತ್ತಿದ್ದಳು. ನಿನ್ನೆ ಅಂತ್ಯಕ್ರಿಯೆಗೆ ಬಂದವರು ಮರೆತುಹೋದ ಮೂರು ಕೊಡೆ, ಯಾರದೋ ಒಂದು ಶಾಲು. ಎಲ್ಲದರ ಅಡಿಯಲ್ಲಿ ಗಂಡನ ಕೈಚೀಲ.

"ಇವತ್ತೇ ಅದಕ್ಕೆ ಯಾಕೆ ಕೈ ಹಾಕ್ತೀಯೇ? ಎರಡು ದಿನ ಹೋಗ್ಲಿ ಬಿಡು," ಎಂದರು ಅತ್ತೆ, ಹಾಲಿನ ಪಾತ್ರೆಯಿಂದ ಕಣ್ಣು ತೆಗೆಯದೆ.

"ಕೊಡೆ ಕೇಳ್ಕೊಂಡು ಬರ್ತಾರೆ ಅತ್ತೆ."

ಚೀಲದಲ್ಲಿ ತೊಳೆಯದ ಊಟದ ಡಬ್ಬಿ ಇತ್ತು. ಅದರ ಪಕ್ಕ ಕಂದು ರಟ್ಟಿನ ತೆಳ್ಳಗಿನ ಪುಸ್ತಿಕೆ: ಗೋಡೆಯ ಸಂದುಗಳಲ್ಲಿ ಬದುಕುವ ಜೇಡಗಳ ಬಗ್ಗೆ ಮೂವತ್ತು ವರ್ಷದ ಹಿಂದಿನ ಸಂಶೋಧನಾ ಲೇಖನ. ಒಳಗೆ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿದ ಇಪ್ಪತ್ತು ಚೀಟಿ. ಹತ್ತೊಂಬತ್ತರ ಮೇಲೆ 'ನೋಡಿದೆ' ಎಂದಿತ್ತು. ಇಪ್ಪತ್ತನೆಯದರ ಮೇಲೆ ಯಾವುದೋ ಪ್ರಬಂಧದ ಹೆಸರು ಮಾತ್ರ.

ಅವಳು ಗಡಿಯಾರ ನೋಡಿದಳು. ನೋಡಿ ಪ್ರಯೋಜನವಿರಲಿಲ್ಲ. ಗಂಡ ಕಚೇರಿಗೆ ಒಪ್ಪಿಸಬೇಕಿದ್ದ ಪಟ್ಟಿ ನಿನ್ನೆ ಸಂಜೆ ಐದಕ್ಕೇ ಮುಚ್ಚಿತ್ತು.

*

ವಿಶ್ವವಿದ್ಯಾಲಯದಲ್ಲಿ ಅವನ ಕೆಲಸ ಎಣಿಸುವುದು. ಯಾವ ವಿಭಾಗದಿಂದ ಎಷ್ಟು ಲೇಖನ ಬಂತು, ಬೇರೆಯವರು ತಮ್ಮ ಬರಹಗಳಲ್ಲಿ ಅವನ್ನು ಎಷ್ಟು ಸಲ ಉಲ್ಲೇಖಿಸಿದರು ಎಂದು ವರ್ಷಕ್ಕೊಮ್ಮೆ ಪಟ್ಟಿ ಒಪ್ಪಿಸಬೇಕು. ಕಂಪ್ಯೂಟರ್ ಹೇಳಿದ್ದನ್ನು ಬರೆದುಕೊಂಡಿದ್ದರೆ ಸಾಕಿತ್ತು. ಅವನು ಗ್ರಂಥಾಲಯಕ್ಕೆ ಹೋಗಿ, ಪುಟ ತೆರೆದು, ಕಣ್ಣಾರೆ ಕಂಡದ್ದನ್ನೇ ಎಣಿಸುತ್ತಿದ್ದ. ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ 'ಕಣ್ಣಾರೆ' ಎಂದು.

ಈ ವರ್ಷ ಹೊಸ ನಿಯಮ ಬಂತು. ಐದು ವರ್ಷದಲ್ಲಿ ಇಪ್ಪತ್ತು ಉಲ್ಲೇಖವಾದರೂ ಇಲ್ಲದ ಸಂಗ್ರಹಗಳ ಕೋಣೆ ಖಾಲಿ ಮಾಡಬೇಕು. ಸೀಸೆಗಳಲ್ಲಿ ಜೇಡ ಕೂಡಿಟ್ಟ 'ಜೇಡದ ಮೇಡಂ' ಹೆಸರಿನ ಮುಂದೆ ಕಂಪ್ಯೂಟರ್ ತೋರಿಸಿದ್ದು ಸೊನ್ನೆ. ಅವರ ಲೇಖನ ಅಚ್ಚಾದ ಹಳೆಯ ಪತ್ರಿಕೆ ಅದರ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಅದಕ್ಕೆ ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಾನಾ? ಹತ್ತೊಂಬತ್ತು ಸಿಕ್ಕಿದೆ ಕಣೇ," ಎಂದಿದ್ದ ಭಾನುವಾರ.

"ಇಪ್ಪತ್ತು ಅಂತ ಬರೆದುಬಿಡಿ. ಯಾರು ಬಂದು ನೋಡ್ತಾರೆ?"

"ನಾನು ನೋಡ್ತೀನಲ್ಲ."

ಮಂಗಳವಾರ ಇಪ್ಪತ್ತನೆಯದನ್ನು ಹುಡುಕಿಕೊಂಡು ಹೋದವನು ಗ್ರಂಥಾಲಯದ ಮೆಟ್ಟಿಲ ಮೇಲೆ ಎದೆ ಒತ್ತಿಕೊಂಡು ಕುಳಿತ. ಏಳಲಿಲ್ಲ.

*

ನಿನ್ನೆ ಕುರ್ಚಿ ಸಾಲದೆ ಜನ ಮೆಟ್ಟಿಲ ತನಕ ನಿಂತಿದ್ದರು.

"ಎಷ್ಟು ಜನ ನೋಡು! ಇನ್ನೂರು ಇರಬಹುದಾ?" ಎಂದರು ದೊಡ್ಡಪ್ಪ.

"ಕಣ್ಣಾರೆ ಇದ್ದಿದ್ರೆ ಕರೆಕ್ಟಾಗಿ ಹೇಳ್ತಿದ್ದ," ಎಂದ ಕಚೇರಿಯ ಗುಮಾಸ್ತ.

ಒಬ್ಬಿಬ್ಬರು ನಕ್ಕರು. ನಕ್ಕವರು ಶವದ ಕಡೆ ನೋಡಿ ಕೈ ಕಟ್ಟಿಕೊಂಡರು.

ಜೇಡದ ಮೇಡಂ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಏನೂ ಕೇಳಲಿಲ್ಲ. ಕೇಳಿದ್ದು ಅವನ ಪಕ್ಕದ ಮೇಜಿನ ಹುಡುಗಿ.

"ಅಕ್ಕಾ, ಈಗ ಕೇಳಬಾರ್ದು, ಆದ್ರೂ... ಅಣ್ಣನ ಚೀಲ ಎಲ್ಲಿದೆ? ಚೀಟಿ ಸಿಕ್ಕಿದ್ರೆ ಆ ಒಂದನ್ನ ನಾನೇ ಓಡಿಹೋಗಿ ನೋಡ್ಕೊಂಡು ಬರ್ತೀನಿ. ಐದಕ್ಕೆ ಮುಚ್ಚಿಬಿಡುತ್ತೆ."

"ಗೊತ್ತಿಲ್ಲ."

ಆಸ್ಪತ್ರೆಯಿಂದ ತಂದು ಅದನ್ನು ಮೊಳೆಗೆ ಹಾಕಿದ್ದವಳು ಅವಳೇ. ಆ ಹೊತ್ತಿಗೆ ಚೀಲ ಎಂದರೇನೆಂದೇ ಹೊಳೆಯಲಿಲ್ಲ.

"ಹೋಗ್ಲಿ ಬಿಡಿ ಅಕ್ಕಾ," ಎಂದು ಹುಡುಗಿ ಅವಳ ಕೈ ಸವರಿದಳು. ಆಗ ಗಂಟೆ ಎರಡೂವರೆ.

*

ವಿಶ್ವವಿದ್ಯಾಲಯದ ಜೇಡದ ಕೋಣೆಯಲ್ಲಿ ಇಬ್ಬರು ಕೆಲಸದವರು ಆಗಲೇ ಅಳತೆಯ ಟೇಪು ಹಿಡಿದಿದ್ದರು. "ಹದಿನೆಂಟೂವರೆ," ಎಂದು ಒಬ್ಬ ಕೂಗಿದ. ಇನ್ನೊಬ್ಬ ಅಂಗೈ ಮೇಲೆ ಬರೆದುಕೊಂಡ.

"ಅಯ್ಯೋ, ಇವತ್ತೇ ಯಾಕಮ್ಮ ಬರೋಕೆ ಹೋದೆ?" ಜೇಡದ ಮೇಡಂ ಸೀಸೆಗಳ ನಡುವೆ ಜಾಗ ಮಾಡಿಕೊಂಡು ಬಂದರು.

"ಇದು ಮನೇಲೇ ಇತ್ತು ಮೇಡಂ. ನಿನ್ನೆ ಇವರ ಆಫೀಸಿನ ಹುಡುಗಿ ಕೇಳಿದ್ಲು. ನಾನು ಗೊತ್ತಿಲ್ಲ ಅಂದುಬಿಟ್ಟೆ."

ಮೇಡಂ ಪುಸ್ತಿಕೆ ಬಿಡಿಸಿ, ತುಟಿ ಅಲುಗಿಸುತ್ತ ಚೀಟಿಗಳನ್ನು ಎಣಿಸಿದರು.

"ಇಷ್ಟು ಜನ ಓದಿದಾರಾ? ನಾನು ಯಾರೂ ಓದಿಲ್ಲ ಅಂದ್ಕೊಂಡಿದ್ದೆ."

"ಕೊನೇದು ನೋಡಿಲ್ಲ ಅವರು. ಡೀನ್ ಹತ್ರ ಹೋಗೋಣ. ನನ್ನದೇ ತಪ್ಪು ಅಂತ ನಾನೇ ಹೇಳ್ತೀನಿ."

"ಬೆಳಿಗ್ಗೆನೇ ಕೇಳ್ಕೊಂಡು ಬಂದೆ ಕಣಮ್ಮ. ಪಟ್ಟಿ ಮುಚ್ಚಿದ ಮೇಲೆ ಯಾರಿಗೂ ತೆರೆಯೋಕೆ ಬರಲ್ವಂತೆ, ಅವರಿಗೂ ಕೂಡ." ಮೇಡಂ ಕಪಾಟಿನಿಂದ ರಿಜಿಸ್ಟರ್ ತೆಗೆದರು. "ಈ ಲೇಖನ ಇದ್ದದ್ದು ಒಂದೇ ಪ್ರತಿ. ಹಾಗೇ ತಗೊಂಡು ಹೋಗಪ್ಪ ಅಂದ್ರೂ ಇದರಲ್ಲಿ ಬರೆಯದೆ ಒಯ್ಯಲಿಲ್ಲ ನಿನ್ನ ಗಂಡ. ವಾಪಸ್ ಕೊಟ್ಟೆ ಅಂತ ಒಂದು ಸಹಿ ಹಾಕಿಬಿಡು."

ಅವನ ಗುಂಡು ಅಕ್ಷರ. ಮರಳಿಸುವ ದಿನ ಎಂಬಲ್ಲಿ, 'ಎಣಿಸಿ ಮುಗಿದ ಕೂಡಲೇ.' ಅದರ ಪಕ್ಕದ ಸಹಿಯ ಅಂಕಣ ಖಾಲಿ.

"ಅಮ್ಮಾ, ಸ್ವಲ್ಪ ಆ ಕಡೆ," ಎಂದ ಟೇಪು ಹಿಡಿದವನು.

ರಿಜಿಸ್ಟರ್ ಹಿಡಿದುಕೊಂಡೇ ಅವಳು ಸರಿದಳು. ಅವಳು ನಿಂತಿದ್ದ ಜಾಗದಲ್ಲಿ ಟೇಪು ಹರಿದು, ತುದಿ ಗೋಡೆಯ ಸಂದಿಗೆ ತಾಗಿತು. ಅವಳು ಸಹಿ ಹಾಕಿ ತಲೆ ಎತ್ತುವಷ್ಟರಲ್ಲಿ ಒಂದು ಜೇಡ ಸಂದಿಯಿಂದ ಹೊರಬಂದು, ಟೇಪಿನ ಮೇಲೆ ಎರಡು ಅಂಕಿ ದಾಟಿ, ನಿಂತಿತ್ತು.