ಸೇರು ಒದ್ದ ಪಾದ

ಆ ಪಾದ ತನ್ನದಲ್ಲ ಎಂದು ಪ್ರತಿಮಾಗೆ ತಿಳಿಯುವಷ್ಟರಲ್ಲಿ ಅಕ್ಕಿ ತುಂಬಿದ ಸೇರು ಉರುಳಿಯಾಗಿತ್ತು.

ಪರದೆಯ ಮೇಲೆ ಅಕ್ಕಿ ಬಹಳ ನಿಧಾನವಾಗಿ ಚೆಲ್ಲಿತು. ಹೊಸ್ತಿಲು ಇದೇ ಮನೆಯದು. ಅರಿಶಿನ ಹಚ್ಚಿದ ಬಲಗಾಲು. ಹೆಬ್ಬೆರಳಿಗಿಂತ ಉದ್ದವಾದ ಪಕ್ಕದ ಬೆರಳು, ಅದರಲ್ಲಿ ಹೊಸ ಕಾಲುಂಗುರ. ಕ್ಯಾಮೆರಾ ಸೀರೆಯ ನಿರಿಗೆಗುಂಟ ಮೇಲೇರಿ, ಹೂವಿನ ಹಾರ ದಾಟಿ, ತಗ್ಗಿಸಿದ ಮುಖದ ಹತ್ತಿರ ನಿಂತಿತು. ಮದುಮಗಳು ಮುಖವೆತ್ತಿ ಯಾರನ್ನೋ ನೋಡಿ ನಕ್ಕಳು. ಆ ನಗುವಿನ ಕೆಳಗೆ ಬಂಗಾರದ ಅಕ್ಷರಗಳು ಒಂದೊಂದಾಗಿ ಹಾರಿಬಂದು ಕೂತವು: ಗೃಹಲಕ್ಷ್ಮಿ ಶ್ರೀಮತಿ ಪ್ರತಿಮಾ ರಾಜಶೇಖರ್.

ನಗುತ್ತಿದ್ದವಳು ಪ್ರಮೀಳಾ. ಪ್ರತಿಮಾಳ ಅಕ್ಕ, ಮುಖದಲ್ಲಿ ಅವಳನ್ನೇ ಹೋಲುವವಳು. ಅವಳು ಸತ್ತು ಎಂಟು ವರ್ಷವಾಗಿತ್ತು.

ಆಮೇಲೆ ಒಂದು ತೆಂಗಿನಕಾಯಿ ಸುತ್ತುತ್ತಾ ಬಂದು ಸಿಡಿಲಿನ ಸದ್ದಿನೊಂದಿಗೆ ಇಬ್ಭಾಗವಾಯಿತು. ಒಳಗಿನಿಂದ ಬೆಳಕು ಹೊಮ್ಮಿ, ಬೆಳಕಿನಲ್ಲಿ 'ಮರುಳಪ್ಪ ಹೋಮ್ ಥಿಯೇಟರ್, ಅರಸೀಕೆರೆ' ಎಂದು ಮೂಡಿತು. ಸದ್ದಿಗೆ ಕುರ್ಚಿಗಳು ನಡುಗಿದವು. ಹಿಂದಿನ ಪ್ಲೈವುಡ್ ಗೋಡೆಯ ಆಚೆಯಿಂದ ಗಲಗಲ ಎಂದು ಏನೋ ಕೇಳಿಸಿ ನಿಂತಿತು.

"ಹೆಂಗಿದೆ ಸಾರ್?" ಸ್ಟುಡಿಯೋದ ಧರ್ಮೇಶ್ ದೀಪ ಹಾಕಿದ. "ಪ್ಲೈವುಡ್ ಎಲ್ಲೋ ಲೂಸಾಗಿದೆ. ಒಂದೆರಡು ಮೊಳೆ ಹೊಡೆಸಿಬಿಡಿ."

"ಪ್ಲೈವುಡ್ ಅಲ್ಲ ಕಣಪ್ಪ, ಕಾಯಿ," ಅಂದಳು ಅತ್ತೆ ರುದ್ರಮ್ಮ.

ಈ ಕೋಣೆ ಮೊದಲು ಕೊಬ್ಬರಿಗೆ ಕಾಯಿ ಒಣಗಿಸುವ ಅಟ್ಟವಾಗಿತ್ತು. ತುಮಕೂರಿನ ಯಾರೋ ವ್ಯಾಪಾರಿಯ ಮನೆಯಲ್ಲಿ ಸಿನಿಮಾ ಶುರುವಾಗುವ ಮುಂಚೆ ಆ ಮನೆಯವರ ಹೆಸರೇ ದೊಡ್ಡದಾಗಿ ಬಂದದ್ದನ್ನು ನೋಡಿಬಂದ ಮೇಲೆ ರಾಜಶೇಖರ್‌ಗೆ ನಿದ್ದೆ ಹತ್ತಿರಲಿಲ್ಲ. ಅಟ್ಟವನ್ನು ಅರ್ಧಕ್ಕೆ ಕಡಿದು ಪ್ಲೈವುಡ್ ಹೊಡೆಸಿದ. ಈಚೆಗೆ ಕಾರ್ಪೆಟ್, ಪ್ರೊಜೆಕ್ಟರ್, ಸ್ಪೀಕರುಗಳು. ಆಚೆಗೆ ಕಾಯಿ. ಎಷ್ಟು ಊದಿನಕಡ್ಡಿ ಹಚ್ಚಿದರೂ ಕಾರ್ಪೆಟ್ಟಿನಡಿಯಿಂದ ಹಳೆ ಕೊಬ್ಬರಿಯ ಕಮಟು ಬರುತ್ತಲೇ ಇತ್ತು.

"ಅಮ್ಮ! ಅದು ನೀನಾ?" ಸಿಂಚನಾ ಕುರ್ಚಿಯ ಮೇಲೆ ಮಂಡಿಯೂರಿ ಹಿಂತಿರುಗಿದ್ದಳು.

ಪ್ರತಿಮಾ ಅತ್ತೆಯ ಕಡೆ ನೋಡಿದಳು. ರುದ್ರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಳು. ಹೋದ ತಿಂಗಳಷ್ಟೇ ಪೊರೆ ತೆಗೆಸಿಕೊಂಡು ಬಂದವಳು. ಈಗ ಸೂಜಿಗೆ ದಾರ ಪೋಣಿಸುತ್ತೇನೆ ಎಂದು ಬೀದಿಗೆಲ್ಲ ಹೇಳಿಕೊಂಡಿದ್ದವಳು.

"ಏನು ಕಳೆ ಐತೆ ನೋಡವ್ವ ಮುಖದಾಗೆ," ಅಂದಳು ರುದ್ರಮ್ಮ. "ಎಷ್ಟು ಲಕ್ಷಣವಾಗಿ ಕಾಲಿಟ್ಟಿದೀಯ."

ಕಣ್ಣು ಮಂಜಾಗಿ ಹೇಳಿದ್ದೋ, ಕಣ್ಣು ಸರಿಯಾಗಿ ಹೇಳಿದ್ದೋ ತಿಳಿಯಲಿಲ್ಲ. ಕೇಳುವಂಥ ಮಾತೂ ಅಲ್ಲ.

ರಾಜಶೇಖರ್ ಎದ್ದು ಧರ್ಮೇಶನ ಬೆನ್ನು ತಟ್ಟಿದ. ಅವನು ಹೆಂಡತಿಯ ಕಡೆ ತಿರುಗಲಿಲ್ಲ.

*

ಪ್ರಮೀಳಾ ಸಿಂಚನಾಳನ್ನು ಹೆತ್ತ ವಾರದಲ್ಲೇ ಹೋದಳು. ಆಗ ಪ್ರತಿಮಾ ಮೈಸೂರಿನ ಹಾಸ್ಟೆಲಿನಲ್ಲಿ ಎಂ.ಎ. ಓದುತ್ತಿದ್ದಳು. ಜಾವಗಲ್ಲಿನಿಂದ ಅಪ್ಪ ಬಂದು, ಹಾಸ್ಟೆಲಿನ ಗೇಟಿನ ಹತ್ತಿರ ನಿಂತು, ಕೂಸಿನ ಮುಖ ನೋಡು ಎಂದಷ್ಟೇ ಹೇಳಿದ್ದ. ಕೂಸು ಅಲ್ಲಿರಲೇ ಇಲ್ಲ. ಆದರೂ ಅವಳು ನೋಡಿದಳು.

ಭಾವನ ಜೊತೆ ಮದುವೆ ಮಠದಲ್ಲಿ ಆಯಿತು. ವಾಲಗವಿಲ್ಲ, ವಿಡಿಯೋ ಇಲ್ಲ. ಮನೆಗೆ ಬಂದಾಗ ಹೊಸ್ತಿಲ ಮೇಲೆ ಸೇರಿಡಲು ಯಾರಿಗೂ ನೆನಪಾಗಲಿಲ್ಲ. ಅಥವಾ ನೆನಪಾಗಿ ಬೇಡವೆನಿಸಿತು. ಒಳಗಿನಿಂದ ಬಂದ ರುದ್ರಮ್ಮ ಅಳುತ್ತಿದ್ದ ಕೂಸನ್ನು ಅವಳ ಕೈಗೆ ಹಾಕಿದಳು. ಎರಡು ಕೈಯೂ ತುಂಬಿದ್ದರಿಂದ ಯಾವ ಕಾಲು ಮುಂದಿಟ್ಟೆನೆಂದು ಪ್ರತಿಮಾ ನೋಡಿಕೊಳ್ಳಲಿಲ್ಲ.

ಆ ಸಂಜೆಯೇ ಗೋಡೆಯ ಮೇಲಿದ್ದ ಅಕ್ಕನ ಫೋಟೋ ಇಳಿಯಿತು. ಮಗುವಿಗೆ ಯಾಕೆ ಗೊಂದಲ, ಎಂದರು. ಮೊಳೆ ಉಳಿಯಿತು. ಅದಕ್ಕೆ ಪ್ರತಿ ವರ್ಷ ಕ್ಯಾಲೆಂಡರ್ ಬಂದು ಕೂರುತ್ತಿತ್ತು.

*

"ಅದು ಅಕ್ಕ," ಅಂದಳು ಪ್ರತಿಮಾ.

ರಾಜಶೇಖರ್ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ. "ಯಾವುದು?"

"ನಿಮಗೆ ಗೊತ್ತು."

"ಸಂಜೆ ಚನ್ನಪ್ಪನವರು ಬರ್ತಾರೆ, ಮನೆಯವರ ಜೊತೆ. ಏನಾದ್ರೂ ಕರಿಯೋದು ಮಾಡು."

"ನನ್ನ ಹೆಸರು ಹಾಕಿಸಿದ್ದೀರ."

"ಮತ್ತೆ ಯಾರ ಹೆಸರು ಹಾಕಿಸ್ಬೇಕಿತ್ತು? ಮಗು ಕೂತು ನೋಡಲ್ವಾ?"

ಬಾಚಣಿಗೆ ಒಮ್ಮೆ ನಿಂತು ಮತ್ತೆ ಚಲಿಸಿತು. ಕನ್ನಡಿಯೊಳಗೆ ಇಬ್ಬರ ಕಣ್ಣೂ ಒಂದನ್ನೊಂದು ಮುಟ್ಟದೆ ಓಡಾಡಿದವು.

"ಇದಕ್ಕೇ ಅಂತ ಹಳೇಬೀಡಲ್ಲಿ ವಿಡಿಯೋ ತೆಗೆದಿದ್ದರಲ್ಲ, ನನ್ನದು?"

"ಅದು ಸರಿ ಬಂದಿಲ್ವಂತೆ." ಅವನು ಹತ್ತಿರ ಬಂದು ಅವಳ ಭುಜದ ಮೇಲೆ ಕೈಯಿಟ್ಟ. ಇಷ್ಟು ಮೆತ್ತಗೆ ಅವನು ಮುಟ್ಟಿ ಎಷ್ಟೋ ಕಾಲವಾಗಿತ್ತು. "ಯಾರಿಗೂ ಗೊತ್ತಾಗಲ್ಲ ಬಿಡೇ."

ಅದು ಸಮಾಧಾನದ ಮಾತು ಎಂದು ಅವನು ನಿಜವಾಗಿಯೂ ನಂಬಿದ್ದ.

*

ಬಸ್ ಸ್ಟಾಂಡಿನ ಹಿಂದಿನ ಬೀದಿಯ ಮಹಡಿಯಲ್ಲಿ ಧರ್ಮೇಶನ ಸ್ಟುಡಿಯೋ. ಸಿಂಚನಾ ತಾನೂ ಬರುತ್ತೇನೆಂದು ಸೆರಗು ಬಿಡಲಿಲ್ಲ. ದಾರಿಯುದ್ದಕ್ಕೂ ಪ್ರತಿಮಾ ವಾಕ್ಯವನ್ನು ಕಟ್ಟಿ ಕೆಡವಿದಳು. ಆ ಶಾಟ್ ತೆಗೆದುಹಾಕಿ. ಯಾಕೆ ಎಂದರೆ? ನನಗಿಷ್ಟವಿಲ್ಲ. ಇಷ್ಟವಿಲ್ಲ ಎಂಬುದು ಒಂದು ಕಾರಣವೆಂದು ಈ ಊರಿನಲ್ಲಿ ಯಾರಿಗೂ ಅನ್ನಿಸಿದ್ದನ್ನು ಅವಳು ಕಂಡಿರಲಿಲ್ಲ.

"ಬನ್ನಿ ಮೇಡಂ. ಏನಾದ್ರೂ ಮಿಸ್ಟೇಕ್ ಆಯ್ತಾ?"

"ಹಳೇಬೀಡಿಂದು ಇದೆಯಾ? ನೋಡಬೇಕಿತ್ತು."

ಅವನು ಕಂಪ್ಯೂಟರಿನಲ್ಲಿ ಹುಡುಕಿ ಹಾಕಿದ. ಕೆರೆ, ಕೆರೆಯ ಏರಿ, ಏರಿಯ ಮೇಲೆ ಹಿತ್ತಾಳೆ ದೀಪ ಹಿಡಿದ ಒಬ್ಬ ಹೆಂಗಸು. ಗಾಳಿಗೆ ದೀಪ ಆರಿಹೋಗಿದೆ. ಅದು ಅವಳಿಗೆ ತಿಳಿದಿಲ್ಲ, ಇನ್ನೂ ಅಂಗೈ ಅಡ್ಡ ಹಿಡಿದಿದ್ದಾಳೆ. 'ನಗಿ ಮೇಡಂ, ಸ್ವಲ್ಪ ನಗಿ' ಎಂದು ಧರ್ಮೇಶನ ದನಿ. ಹೆಂಗಸಿನ ತುಟಿ ಅಗಲವಾಗುತ್ತದೆ. ಕಣ್ಣು ಮಾತ್ರ ಕಚ್ಚಬಹುದಾದ ನಾಯಿಯನ್ನು ನೋಡುವಂತೆ ಕ್ಯಾಮೆರಾವನ್ನು ನೋಡುತ್ತಿದೆ.

ಇದು ತಾನು. ಅನುಮಾನವಿರಲಿಲ್ಲ. ಆದರೆ ಇವಳು ಮನೆಗೆ ಬಂದರೆ ಯಾರೆಂದು ಕೇಳಬೇಕಾಗುತ್ತದೆ ಅನ್ನಿಸಿತು.

"ತಪ್ಪು ತಿಳೀಬೇಡಿ ಮೇಡಂ," ಧರ್ಮೇಶ್ ಕತ್ತು ಕೆರೆದುಕೊಂಡ. "ಸಾರ್‌ಗೆ ತೋರಿಸಿದೆ. 'ಏನ್ಲಾ ಇದು, ಮಣ್ಣಿಗೆ ಹೋಗಿ ಬಂದಂಗವ್ಳೆ' ಅಂದ್ರು. ಆಮೇಲೆ ಅವರೇ ಮದುವೆ ಕ್ಯಾಸೆಟ್ ತಂದುಕೊಟ್ರು. ಅದರಲ್ಲಿ ಏನ್ ನಗು ಮೇಡಂ! ನಾನು ಎಷ್ಟೋ ಮದುವೆ ಎಡಿಟ್ ಮಾಡಿದೀನಿ, ಹಂಗೆ ನಗೋರು ಸಿಗಲ್ಲ. ಅರ್ಧ ಜನ ಅಳ್ತಾ ಇರ್ತಾರೆ, ಇನ್ನರ್ಧ ಜನಕ್ಕೆ ಹಸಿವು."

"ಅದನ್ನ ತೆಗೆದು ಇದನ್ನ ಹಾಕೋಕೆ ಆಗುತ್ತಾ?"

"ಅದೇನು ಮಹಾ. ಈಗಲೇ ಹಾಕ್ಕೊಡ್ತೀನಿ. ಆದ್ರೆ ಯಾಕೆ ಮೇಡಂ?"

ಧರ್ಮೇಶ್ ಪರದೆಯ ಹೆಂಗಸನ್ನೊಮ್ಮೆ ನೋಡಿದ. ಆಮೇಲೆ, ಯಾಕೋ, ಅವನ ನೋಟ ಕೆಳಗಿಳಿದು ಪ್ರತಿಮಾಳ ಚಪ್ಪಲಿಯ ಹತ್ತಿರ ನಿಂತಿತು. ಅವಳು ಬೆರಳುಗಳನ್ನು ಒಳಕ್ಕೆ ಮಡಿಸಿಕೊಂಡಳು.

"ಕ್ಯಾಸೆಟ್ಟಲ್ಲಿರೋದು ನೀವೇ ಅಲ್ವಾ ಮೇಡಂ?"

ಸುತ್ತುವ ಕುರ್ಚಿಯಲ್ಲಿ ಗಿರಗಿರ ತಿರುಗುತ್ತಿದ್ದ ಸಿಂಚನಾ ಕಾಲು ಊರಿ ನಿಂತಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಮೇಲಿನ ತುಟಿಯ ಆ ಬಾಗು ಅಕ್ಕನದು. ಪ್ರತಿಮಾ ಅದನ್ನು ದಿನವೂ ನೋಡುತ್ತಿದ್ದಳು, ದಿನವೂ ಒರೆಸುತ್ತಿದ್ದಳು.

"ನಾನೇ," ಅಂದಳು.

ಇಷ್ಟು ಸಲೀಸಾಗಿ ಬರುವ ಮಾತಿಗೆ ದಾರಿಯುದ್ದಕ್ಕೂ ವಾಕ್ಯ ಕಟ್ಟಿದ್ದು ನೆನೆದು ನಾಚಿಕೆಯಾಯಿತು.

"ಮತ್ತೆ ಅದೇ ಇರಲಿ ಬಿಡಿ," ಧರ್ಮೇಶ್ ನಿರಾಳವಾಗಿ ನಕ್ಕ. ಹಳೇಬೀಡಿನ ಹೆಂಗಸನ್ನು ಮುಚ್ಚಿದ. "ಇದನ್ನ ಅಳಿಸಿಬಿಡ್ಲಾ ಮೇಡಂ? ಜಾಗ ತಿಂತಾ ಇದೆ."

"ಅಳಿಸಿ."

ಮೆಟ್ಟಿಲಿಳಿಯುವಾಗ ಸಿಂಚನಾ ಅವಳ ಕೈಯನ್ನು ಬಹಳ ಬಿಗಿಯಾಗಿ ಹಿಡಿದುಕೊಂಡಿದ್ದಳು.

*

ಮಧ್ಯಾಹ್ನ ರುದ್ರಮ್ಮ ಅಟ್ಟದಲ್ಲಿ ಪ್ಲೈವುಡ್ಡಿನ ಆಚೆ ಕೂತು ಕಾಯಿ ಆರಿಸುತ್ತಿದ್ದಳು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸುವಳು. ಸದ್ದು ಬಂದರೆ ಒಂದು ಕಡೆ, ಬಾರದಿದ್ದರೆ ಇನ್ನೊಂದು ಕಡೆ.

"ಇದು ಬಿಟ್ಕೊಂಡೈತೆ," ಎಂದು ಒಂದನ್ನು ಪ್ರತಿಮಾಳ ಕಿವಿಗೆ ಹಿಡಿದಳು. "ಕೇಳು. ಹೊರಗೆ ಹಂಗೇ ಐತೆ. ಒಳಗೆ ತಿರುಳು ಚಿಪ್ಪಿನಿಂದ ಕಳಚ್ಕೊಂಡು ಉಳ್ಳಾಡ್ತೈತೆ. ಇಂಥದ್ದೇ ಒಳ್ಳೇ ಕೊಬ್ಬರಿ."

"ಅತ್ತೆ, ಬೆಳಿಗ್ಗೆ ಸಿನಿಮಾದಲ್ಲಿ ನೀವು ಯಾರನ್ನ ನೋಡಿದ್ರಿ?"

ರುದ್ರಮ್ಮ ಇನ್ನೊಂದು ಕಾಯಿ ಎತ್ತಿಕೊಂಡಳು. ಅಲುಗಿಸಿದಳು. ಬಹಳ ಹೊತ್ತು ಅಲುಗಿಸಿದಳು.

"ನನ್ನ ಸೊಸೇನ," ಅಂದಳು.

*

ಸಂಜೆ ಚನ್ನಪ್ಪನೂ ಅವನ ಹೆಂಡತಿ ದೇವೀರಮ್ಮನೂ ಬಂದರು. ಪಕ್ಕದ ಮಂಡಿಯವರು, ಮನೆಯವರಂತೆ ಬಳಕೆ. ಪ್ರಮೀಳಾಳನ್ನು ಮನೆತುಂಬಿಸಿಕೊಂಡ ದಿನ ಹೊಸ್ತಿಲಲ್ಲಿ ಆರತಿ ಎತ್ತಿದ್ದು ಇದೇ ದೇವೀರಮ್ಮ. ಅದು ಪ್ರತಿಮಾಗೆ ನೆನಪಾದದ್ದು ಬೋಂಡದ ತಟ್ಟೆ ಹಿಡಿದು ಹೊರಬಂದ ಮೇಲೆ. ಇವಳಿಗೆ ಗೊತ್ತಾಗುತ್ತದೆ. ಇವಳು ಬಾಯಿ ಬಿಡುತ್ತಾಳೆ. ಮಗು ಪಕ್ಕದಲ್ಲೇ ಕೂತಿರುತ್ತದೆ. ಹೆದರಿಕೆಯ ತಳದಲ್ಲಿ, ಯಾರಾದರೂ ಒಮ್ಮೆ ಬಾಯಿ ಬಿಡಲಿ ಎಂಬ ಆಸೆಯೂ ಇತ್ತು.

ಕಿಟಕಿಯ ಪರದೆ ಎಳೆದು ಹಗಲನ್ನು ಹೊರಗಿಟ್ಟರು. ಸ್ವರ್ಗಸ್ಥ ಮರುಳಪ್ಪನವರ ಫೋಟೋ ಮೋಡದಿಂದ ಹೊರಬಂದು ಆಶೀರ್ವದಿಸಿತು. ರಾಜಶೇಖರ್ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಿಂದ ನಿಧಾನವಾಗಿ ಇಳಿದ.

"ಏನ್ರೀ ರಾಜಣ್ಣ, ಇಳಿಯೋದ್ರಲ್ಲಿ ಬಾಣಾವರದ ರೈಲು ಹೋಗ್ಬಿಡ್ತದಲ್ರೀ!" ಅಂದ ಚನ್ನಪ್ಪ.

ಎಲ್ಲರೂ ನಕ್ಕರು. ಹೊಸ್ತಿಲು ಬಂತು. ಪಾದ ಬಂತು. ಸೇರು ಉರುಳಿತು.

ದೇವೀರಮ್ಮ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಪ್ರತಿಮಾ ಉಗುರನ್ನು ಅಂಗೈಗೆ ಒತ್ತಿಕೊಂಡಳು.

"ಅಯ್ಯೋ ನಮ್ಮಪ್ಪ! ಆರತಿ ತಟ್ಟೆ ಹಿಡಿದಿರೋಳು ನಾನು ಕಣ್ರೀ!" ದೇವೀರಮ್ಮ ಕೂಗಿದಳು. "ಎಷ್ಟು ತೆಳ್ಳಗಿದ್ದೆ ನೋಡ್ರೀ ಆವಾಗ! ಇವರು ನಂಬೋದೇ ಇಲ್ಲ."

"ಎಲ್ಲಿ, ಎಲ್ಲಿ?" ಚನ್ನಪ್ಪ ಕನ್ನಡಕ ಹುಡುಕಿದ. "ಹೋಯ್ತಲ್ಲೇ. ರಾಜಣ್ಣ, ಇನ್ನೊಂದ್ಸಲ ಹಾಕ್ರೀ."

ಇನ್ನೊಂದು ಸಲ ಹಾಕಿದರು. ಚನ್ನಪ್ಪ ಹೆಂಡತಿಯನ್ನು ಕಂಡುಹಿಡಿದ. ರಾಜಶೇಖರ್ ತನ್ನ ಕಾರು ಕಂಡ. ರುದ್ರಮ್ಮ ಮೋಡದಲ್ಲಿದ್ದ ಗಂಡನಿಗೆ ಕೈಮುಗಿದಳು. ನಡುವೆ ನಿಂತು ನಗುತ್ತಿದ್ದವಳನ್ನು ಇಬ್ಬರು ಮಾತ್ರ ನೋಡಿದರು.

"ಮತ್ತೆ ಹಾಕಿ ಅಪ್ಪ," ಅಂದಳು ಸಿಂಚನಾ. ಅವಳು ಪ್ರತಿಮಾಳ ತೊಡೆಯೇರಿ ಕೂತಿದ್ದಳು.

ಮತ್ತೆ ಪಾದ ಮೇಲೆದ್ದಿತು. ಅಕ್ಕಿ ಮುಂದಿನ ಸಾಲಿನತ್ತ ಹರಿದುಬಂತು. ಪ್ರತಿಮಾ ತನ್ನ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡಳು.

"ಅಮ್ಮ," ಮಗು ಪಿಸುಗುಟ್ಟಿತು. "ಈಗ ಯಾಕೆ ನೀನು ಹಂಗೆ ನಗಲ್ಲ?"

ಪ್ರತಿಮಾ ನಕ್ಕಳು. ಪರದೆಯ ತುಟಿ ಎಷ್ಟು ತೆರೆಯಿತೋ ಅಷ್ಟೇ ತೆರೆಯಲು ನೋಡಿದಳು. ಸಿಂಚನಾ ತಿರುಗಿ, ನೀಲಿ ಬೆಳಕಿನಲ್ಲಿ ಅವಳ ಮುಖವನ್ನು ಒಂದು ಗಳಿಗೆ ಪರೀಕ್ಷಿಸಿದಳು. ಪರದೆಯ ಕಡೆಗೇ ಹೊರಳಿ, ಕಿವಿಯನ್ನು ಪ್ರತಿಮಾಳ ಎದೆಗೆ ಒತ್ತಿ ಒರಗಿಕೊಂಡಳು.

ತೆಂಗಿನಕಾಯಿ ಸುತ್ತುತ್ತಾ ಬಂತು. ಸಿಡಿಲು ಹೊಡೆಯಿತು. ಪ್ಲೈವುಡ್ಡಿನ ಆಚೆ ಕತ್ತಲಲ್ಲಿ ರಾಶಿ ರಾಶಿ ಕಾಯಿಗಳು ಚಿಪ್ಪಿನೊಳಗೇ ಗಲಗಲ ಎಂದವು.

ತನ್ನ ಒಳಗಿನಿಂದ ಸದ್ದೇನೂ ಬಾರದಿರಲೆಂದು ಪ್ರತಿಮಾ ಉಸಿರು ಬಿಗಿಹಿಡಿದು, ನಗುತ್ತಲೇ, ಅಲುಗಾಡದೆ ಕೂತಳು.