ಎರಡು ವಾರದ ಗುಂಡಿ

ಅರವತ್ತಾರನೆಯ ಇಸವಿ, ಜ್ಯೇಷ್ಠ ಮಾಸ, ಸಂಜೆ ನಾಲ್ಕರ ಹೊತ್ತು. ಬರೋಡಾದ ಬಿಸಿಲು ಇನ್ನೂ ಇಳಿದಿರಲಿಲ್ಲ. ಹಿತ್ತಲಲ್ಲಿ ಸುಣ್ಣದ ಗೆರೆ ಎಳೆದ ಚೌಕದೊಳಗೆ ನಿಂತ ಮಣ್ಣಿನ ಕೆಲಸದ ರಾವಜಿ, ಪಾರ್ವತಿಯತ್ತ ನೋಡಿ, "ಕೇಟಲು, ಬೆನ್?" ಎಂದು ಗುಜರಾತಿಯಲ್ಲಿ ಕೇಳಿದ.

ಕೇಟಲು ಅಂದರೆ ಎಷ್ಟು ಅನ್ನುವುದು ಪಾರ್ವತಿಗೆ ಗೊತ್ತಿತ್ತು. ಕೆಲಸ ಎಷ್ಟು ದಿನದಲ್ಲಿ ಮುಗಿಯಬೇಕು ಅಂತ ಕೇಳುತ್ತಿದ್ದಾನೆ ಅಂದುಕೊಂಡಳು. ಎರಡು ಬೆರಳು ತೋರಿಸಿ, "ದೋ ವಾರ" ಅಂದಳು.

"ಸಾರು," ಅಂದ ರಾವಜಿ.

ಈ ಹೊತ್ತಿನಲ್ಲಿ ಸಾರು ಕೇಳುತ್ತಾನಲ್ಲ ಅನ್ನಿಸಿದರೂ ಮಧ್ಯಾಹ್ನದ್ದನ್ನೇ ಬಿಸಿ ಮಾಡಿ ಬಟ್ಟಲಲ್ಲಿ ತಂದುಕೊಟ್ಟಳು. ತನ್ನ ಮಾತಿನಲ್ಲಿ ಆಗಲಿ ಅಂದದ್ದಕ್ಕೆ ಇದೇಕೆ ಬಂತೋ ರಾವಜಿಗೆ ತಿಳಿಯಲಿಲ್ಲ. ಕುಡಿದು, ಮೀಸೆ ಒರೆಸಿಕೊಂಡು, ಗುದ್ದಲಿ ಎತ್ತಿದ.

ಎರಡು ವಾರಕ್ಕೆ ಹುಬ್ಬಳ್ಳಿಯಿಂದ ಬೀಗತಿ ಪದ್ಮಾಬಾಯಿ ಬರುವವರಿದ್ದರು. ಹೋದ ಮಳೆಗಾಲ ಮಾಡಿನ ನೀರು ಅಡುಗೆಮನೆಗೆ ನುಗ್ಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮನೆ ಮತ್ತೆ ಒದ್ದೆ ಕಂಡರೆ ಏಳು ತಿಂಗಳ ಬಸುರಿ ಸೊಸೆ ಸುಮತಿಯನ್ನು ಕರೆದುಕೊಂಡೇ ಹೋಗುತ್ತೇನೆಂದು ಕಾಗದ ಬರೆದಿದ್ದರು. ಮಗಳ ಚೊಚ್ಚಲ ಬಾಣಂತನ ತನ್ನ ಕೈ ತಪ್ಪುತ್ತದೆಂಬ ಯೋಚನೆಗೆ ಪಾರ್ವತಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಮಾಡಿನ ನೀರು ಇಂಗಿಸುವ ಗುಂಡಿಗೆ, ರೈಲ್ವೆಯಲ್ಲಿ ನಕ್ಷೆ ಬರೆಯುವ ಗಂಡ ಶ್ರೀಪಾದ ಲೆಕ್ಕ ಹಾಕಿದ್ದ. ಮಾಡು ಮುನ್ನೂರು ಚದರಡಿ, ಮಳೆ ಎರಡಿಂಚು. ಐವತ್ತು ಘನ ಅಡಿ ನೀರು. ಐದಡಿ ಉದ್ದ, ಐದಡಿ ಅಗಲ, ಎರಡಡಿ ಆಳ. ಕಾಗದದಲ್ಲಿ ಕನ್ನಡದಲ್ಲೇ ಬರೆದಿಟ್ಟು ಸೂರತ್‌ಗೆ ಡ್ಯೂಟಿ ಮೇಲೆ ಹೋಗಿದ್ದ; ರಾವಜಿಗೆ ಅದು ಓದಲು ಬಾರದು.

ನಾಲ್ಕನೆಯ ದಿನ ಶ್ರೀಪಾದ ಬಂದು ನೋಡಿದರೆ ಗುಂಡಿಯೊಳಗೆ ರಾವಜಿಯ ರುಮಾಲು ಮಾತ್ರ ಕಾಣುತ್ತಿತ್ತು.

"ಏನ ಇದು, ಬಾವಿ ತೋಡಸ್ಲಿಕ್ಕೆ ಹತ್ತೀಯೇನ?"

"ನಾ ಎರಡ ವಾರ ಅಂದೆ. ನಾಕ ದಿನದಾಗ ಮುಗಿಸ್ಯಾನ, ಛೊಲೋ ಆತಲ್ಲ."

ಶ್ರೀಪಾದ ಹಣೆ ಹಿಡಿದುಕೊಂಡ. "ಇವರ ಮಾತಿನಾಗ ವಾರ ಅಂದ್ರ ಗಜ. ಎರಡ ಗಜ, ಅಂದ್ರ ಆರಡಿ ಆಳ ಹೇಳೀಯಲ್ಲ ಮಾರಾಯ್ತಿ. ಮಣ್ಣು ಒಳಗ ಹಾಕಿಸ್ಬೇಕು ಈಗ."

ಸುಮತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವ್ವಾ, ನಗಿಸಬ್ಯಾಡ, ಇಲ್ಲೇ ಹಡೀತೀನಿ."

ಪಾರ್ವತಿ ನಗಲಿಲ್ಲ. ಗುಂಡಿಗೆ ತುಂಬಲು ತರಿಸಿದ್ದ ಇಟ್ಟಿಗೆ ಚೂರಿನ ರಾಶಿಯನ್ನೇ ನೋಡುತ್ತಿದ್ದಳು. "ಇಷ್ಟೂ ಒಳಗ ಹಾಕಿದ ಮ್ಯಾಲೆ ನೀರು ಎಲ್ಲೆ ಕೂಡ್ತದ್ರೀ?"

ಗಂಡ ಉತ್ತರ ಕೊಡುವ ಮೊದಲೇ ಮೂರು ತಂಬಿಗೆ ಹಿಡಿಯುವ ಡಬ್ಬಿ ತಂದಳು. ಚೂರು ತುಂಬಿ ನೀರು ಹೊಯ್ದಳು. ಒಂದು ತಂಬಿಗೆಗೆ ಡಬ್ಬಿ ತುಂಬಿತು. ಎರಡನೆಯದು ಶ್ರೀಪಾದನ ಬೂಟಿನ ಮೇಲೆ ಹರಿಯಿತು.

ಅವನು ಬೂಟು ಕೊಡವಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದ. "ಮೂರ ಪಟ್ಟು ಬೇಕು. ನೂರಾ ಐವತ್ತು. ಐದು, ಐದು..." ಆರು ಅನ್ನುವಾಗ ಅವನ ದನಿ ಬಹಳ ಸಣ್ಣದಾಗಿತ್ತು.

"ಏನಂದ್ರಿ? ಕೇಳಸ್ಲಿಲ್ಲ."

"ಮಣ್ಣು ಹಾಕೂದು ಬ್ಯಾಡ ಅಂದೆ."

ಈಗ ಪಾರ್ವತಿ ನಕ್ಕಳು. ಯಾಕೆಂದು ತಿಳಿಯದಿದ್ದರೂ ಗುಂಡಿಯೊಳಗಿನಿಂದ ರಾವಜಿಯೂ ನಕ್ಕ.

ಪದ್ಮಾಬಾಯಿ ಟಾಂಗಾದಿಂದ ಇಳಿದದ್ದು ಸುರಿಯುವ ಮಳೆಯಲ್ಲೇ. ಕಾಲು ತೊಳೆದವರೇ ಅಡುಗೆಮನೆಗೆ ಹೋಗಿ ಮೂಲೆ ಮೂಲೆಯಲ್ಲೂ ಅಂಗೈ ಊರಿ ನೋಡಿದರು. ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತರು. ಮಾಡಿನ ನೀರು ಗಡಗಡ ಬಂದು ಇಟ್ಟಿಗೆ ಚೂರಿನ ನಡುವೆ ಇಳಿದು ಹೋಗುತ್ತಿತ್ತು.

"ಚಹಾ ಮಾಡ್ರಿ," ಅಂದರು.

ಮೂರು ದಿನ ಇದ್ದು, ಆದಿತ್ಯವಾರ ಬೆಳಿಗ್ಗೆ ಪದ್ಮಾಬಾಯಿ ಒಬ್ಬರೇ ಹೊರಟರು. ಅವರು ಟ್ರಂಕಿನಲ್ಲಿ ತಂದಿದ್ದ ಕೂಸಿನ ಕೆಂಪು ಕುಲಾವಿ, ಅಡುಗೆಮನೆಯ ಗೂಟದಲ್ಲಿ ತೂಗುತ್ತಿತ್ತು.